ತುರುಬಿನ ಗೂಡು ಯಾರದು

ಇಣುಕಿಗಳ ವಿಷಯ ಎತ್ತಿದರೆ ಪರವೂರಿನವರು ಮೊದಲು ಕೇಳುವುದು, ‘ಕಚ್ಚುತ್ತವೇನು?’ ಎಂದು. ಕಚ್ಚುವುದಿಲ್ಲ. ಕಚ್ಚಿದ್ದರೆ ಎಷ್ಟೋ ವಾಸಿಯಿತ್ತು, ಔಷಧ ಹಚ್ಚಿಕೊಂಡು ಸುಮ್ಮನಿರಬಹುದಿತ್ತು. ಅವು ಮಾಡುವುದು ಗೂಡು ಕಟ್ಟುವ ಕೆಲಸ. ಅದಕ್ಕೆ ಗಿಡಮರ ಬೇಡ, ಮಾಡಿನ ಸಂದಿ ಬೇಡ. ಯಾವುದು ಇಲ್ಲದೆ ನಿಮ್ಮ ದಿನ ಮುಂದೆ ಸಾಗುವುದಿಲ್ಲವೋ ಅದನ್ನೇ ಹುಡುಕಿಕೊಂಡು ಹೋಗಿ ಅದರೊಳಗೆ ಬಿಡಾರ ಹೂಡುತ್ತವೆ. ಹೂಡಿದ ಮೇಲೆ, ಮರಿಗಳು ಹೊಸ್ತಿಲು ಹಾರುವಷ್ಟು ದೊಡ್ಡವಾಗುವ ತನಕ, ಆ ವಸ್ತುವನ್ನು ನೀವು ಮುಟ್ಟುವ ಹಾಗಿಲ್ಲ.

ನೋಡಲು ಮುದ್ದಾಗಿಯೇ ಇವೆ ಅನ್ನಿ. ಹೆಬ್ಬೆರಳಿನ ಗಾತ್ರ, ಹುಣಸೆಬೀಜದ ಬಣ್ಣ, ಮುಖದಲ್ಲಿ ಅರ್ಧ ಕಣ್ಣೇ. ಗೂಡಿನ ಬಾಯಿಯಿಂದ ಒಂದೊಂದೇ ತಲೆ ಹೊರಗೆ ಹಾಕಿ ಇಣುಕುತ್ತವೆ, ಅದಕ್ಕೇ ಆ ಹೆಸರು. ತಿನ್ನುವುದು ಹಬೆ. ಚಹಾದ ಹಬೆ, ಬಿಸಿ ರೊಟ್ಟಿಯ ಹಬೆ, ಹಬ್ಬವಿದ್ದರೆ ಹೋಳಿಗೆಯದು. ತಂಗಳು ತಿನ್ನುವ ಮನೆಯ ಕಡೆ ತಿರುಗಿಯೂ ನೋಡುವುದಿಲ್ಲ. ಪಾತ್ರೆಯ ಮುಚ್ಚಳದ ಒಳಮೈಗೆ ಹನಿ ಕಟ್ಟುತ್ತದಲ್ಲ, ಅದರಲ್ಲಿ ಸ್ನಾನ. ಮಧ್ಯಾಹ್ನ ಮನೆಯವರು ಉಂಡು ಅಡ್ಡಾದ ಹೊತ್ತಿನಲ್ಲಿ ಸಾಲಾಗಿ ಹೊರಬಂದು ಮೈ ಮುರಿಯುತ್ತವೆ, ಆಗ ನೆಟಿಗೆ ತೆಗೆದಂಥ ಸದ್ದು ಕೇಳುತ್ತದೆ. ಉಳಿದ ಹೊತ್ತೆಲ್ಲ ಗುಂಯ್ ಎನ್ನುತ್ತಿರುತ್ತವೆ. ಕುಲುಕಾಟ ಮಾತ್ರ ಆಗುವುದಿಲ್ಲ. ಗೂಡು ಅಲುಗಾಡಿತೋ, ಮರಿಗಳನ್ನು ಬಾಯಲ್ಲಿ ಹಿಡಿದುಕೊಂಡು ಹೊರಟೇಬಿಡುತ್ತವೆ, ಮತ್ತೆ ಆ ಮನೆಗೆ ಕಾಲಿಡುವುದಿಲ್ಲ. ಊರಾಚೆಯ ಹಳ್ಳವನ್ನೂ ದಾಟುವುದಿಲ್ಲ. ಹೀಗಾಗಿ ಅವು ಬೇರೆ ಊರಿನಲ್ಲಿ ಇಲ್ಲ.

ಇವುಗಳ ದೆಸೆಯಿಂದ ನಮ್ಮ ಊರಿನಲ್ಲಿ ಯಾರ ಗುಟ್ಟೂ ಬಹಳ ದಿನ ನಿಲ್ಲುವುದಿಲ್ಲ. ನಮ್ಮ ಓಣಿಯ ಹಿರಿಯ ತೋಟಪ್ಪಜ್ಜ, ಪೂಜೆಯ ಗಂಟೆಯೊಂದಿದ್ದರೆ ತನಗೆ ಈ ಜಗತ್ತಿನಲ್ಲಿ ಮತ್ತೇನೂ ಬೇಡ ಎಂದು ಹೇಳಿಕೊಂಡು ಓಡಾಡಿದವನು. ಇಣುಕಿಗಳು ಬಂದವು, ಗಂಟೆಯನ್ನು ಒಂದು ಸುತ್ತು ಹಾಕಿದವು, ಪಕ್ಕದಲ್ಲಿದ್ದ ಅವನ ಎಲೆಅಡಿಕೆ ಚೀಲದೊಳಗೆ ಇಳಿದುಬಿಟ್ಟವು. ಕ್ಷೌರದ ಹಣಮಂತನ ಪೆಟ್ಟಿಗೆಯಲ್ಲಿ ಗೂಡಾದ ವರ್ಷ ಗಂಡಸರೆಲ್ಲ ಬೈರಾಗಿಗಳಾದರು. ಆ ವರ್ಷದ ಮದುವೆಯ ಫೋಟೋ ನೋಡಿದರೆ ಮದುಮಗ ಯಾರು, ಆಶೀರ್ವಾದ ಮಾಡಲು ಬಂದ ಸ್ವಾಮಿ ಯಾರು ಎಂದು ಇವತ್ತಿಗೂ ಗೊತ್ತಾಗುವುದಿಲ್ಲ. ಎದುರು ಮನೆಯ ದುರ್ಗವ್ವ ಕಾಕುವಿನ ಗೂಡು ರೇಡಿಯೋದಲ್ಲಿ ಆಯಿತು. ‘ನಾನಿಲ್ಲದೆ ಇವಳು ಒಂದು ಗಳಿಗೆ ಇರಲಾರಳು’ ಎಂದು ಮೀಸೆ ತಿರುವುತ್ತಿದ್ದ ಅವಳ ಗಂಡ ಇವತ್ತಿಗೂ ಆ ರೇಡಿಯೋದ ಮುಖ ನೋಡುವುದಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಊರಿಗೊಂದು ಪದ್ಧತಿಯಿದೆ. ಯಾರ ವಸ್ತುವಿನಲ್ಲಿ ಒಮ್ಮೆಯಾದರೂ ಗೂಡಾಗಿದೆಯೋ ಅವರು ಊರವರು. ಆಗದವರು ಬೀಗರು, ಅಂದರೆ ಬಂದ ನೆಂಟರು. ಇಲ್ಲಿಯೇ ಹುಟ್ಟಿದವರಿಗೆ ಇದರ ಚಿಂತೆಯಿಲ್ಲ, ಬುಗುರಿಯಲ್ಲೋ ಗೊಂಬೆಯ ಲಂಗದಲ್ಲೋ ಚಿಕ್ಕಂದಿನಲ್ಲೇ ಮುಗಿದುಹೋಗಿರುತ್ತದೆ. ತೊಂದರೆ ಇರುವುದು ಸೊಸೆಯಾಗಿ ಬಂದವರಿಗೆ. ಅವರಲ್ಲೂ ಹೆಚ್ಚಿನವರಿಗೆ ವರ್ಷ ತುಂಬುವುದರೊಳಗೆ ಯಾವುದೋ ಬಾಚಣಿಗೆಯಲ್ಲೋ ಬೀಸಣಿಗೆಯಲ್ಲೋ ಗೂಡಾಗುತ್ತದೆ. ಹಳ್ಳದಾಚೆಯ, ರೈಲು ನಿಲ್ಲುವ ಊರಿನಿಂದ ಬಂದ ನನಗೆ ನಾಲ್ಕನೆಯ ಶ್ರಾವಣ ಹತ್ತಿರ ಬಂದರೂ ಆಗಿರಲಿಲ್ಲ.

ಬೀಗರಾಗಿರುವುದು ಸುಖವಲ್ಲವೇ ಎಂದು ನೀವು ಕೇಳಬಹುದು. ಎರಡು ದಿನ ಸುಖ. ಆಮೇಲೆ ಹುಚ್ಚು ಹಿಡಿಯುತ್ತದೆ. ನಾನು ಹೊರಗೆ ಬಂದರೆ ಕಟ್ಟೆಯ ಮೇಲೆ ಕೂತ ಹೆಂಗಸರೆಲ್ಲ ಎದ್ದು ನಿಲ್ಲುತ್ತಿದ್ದರು. ಚಹಾಕ್ಕೆ ಎರಡು ಪಟ್ಟು ಸಕ್ಕರೆ. ಯಾರೂ ನನ್ನ ಹತ್ತಿರ ಒಂದು ಹಿಡಿ ಸಾಸಿವೆ ಕಡ ಕೇಳಲಿಲ್ಲ. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಅವರ ಮಾತು. ತಲೆಗೆ ತಲೆ ಕೊಟ್ಟು ಯಾರದೋ ಸಂಸಾರವನ್ನು ಎಳೆಎಳೆಯಾಗಿ ಬಿಡಿಸುತ್ತಿದ್ದವರು ನನ್ನನ್ನು ಕಂಡೊಡನೆ, “ಈ ಸಲ ಮಳಿ ಛಲೋ ಆತ್ ನೋಡ್ರಿ,” ಎನ್ನುತ್ತಿದ್ದರು. ಊರಿನ ಸುದ್ದಿ ನನಗೆ ಸಿಗುತ್ತಿದ್ದುದು ನನ್ನ ಗಂಡ ಗುರುಶಾಂತನಿಂದ, ಅದೂ ವಾರ ಕಳೆದ ಮೇಲೆ. ಅವನಿಗೆ ಸುದ್ದಿ ಹೇಳಲು ಬರುವುದಿಲ್ಲ. ಕೊನೆಯನ್ನು ಮೊದಲು ಹೇಳಿ, ನಡುವಿನದು ಮರೆತೆ ಎಂದು ತಲೆ ಕೆರೆದುಕೊಳ್ಳುತ್ತಾನೆ.

ಇನ್ನು ನನ್ನ ಅತ್ತೆ ಬಾಳವ್ವ. ಅವಳ ಬೈಗುಳಕ್ಕೆ ಹಳ್ಳದಲ್ಲಿ ಬಿದ್ದುಕೊಂಡ ಎಮ್ಮೆ ಎದ್ದು ಮನೆಗೆ ಬರುತ್ತಿತ್ತು. ಮಗನನ್ನು, ಹಾಲಿನವನನ್ನು, ಒಣಗದ ಕಟ್ಟಿಗೆಯನ್ನು, ಬೇಗ ಮುಳುಗುವ ಸೂರ್ಯನನ್ನು, ಯಾರನ್ನೂ ಬಿಟ್ಟವಳಲ್ಲ. ಅವಳ ಬಾಯಿಗೆ ಬಿದ್ದವರು ಮುಖ ಸಣ್ಣದು ಮಾಡಿಕೊಂಡು ಹೋಗುತ್ತಿದ್ದರು, ಮರುದಿನ ಅವಳ ರೊಟ್ಟಿ ತಿನ್ನಲು ತಪ್ಪದೆ ಬರುತ್ತಿದ್ದರು. ನನ್ನ ಪಾಲಿಗೆ ಮಾತ್ರ ಆ ಬಾಯಲ್ಲಿ ಬೆಣ್ಣೆ.

“ಸುಮಿತ್ರಾಬಾಯಾರ, ನೀವು ಕುಂದರ್ರಿ. ದಣಿದೀರಿ.”

ನಾನು ಆಗಷ್ಟೇ ನಿದ್ದೆಯಿಂದ ಎದ್ದಿರುತ್ತಿದ್ದೆ.

ಒಂದು ದಿನ ಬೇಕೆಂದೇ ಅವಳ ಕಣ್ಣೆದುರಿಗೆ ಒಂದು ಕಪ್ಪು ಬೀಳಿಸಿ ಒಡೆದೆ. ತವರಿನ ಚಹಾಸೆಟ್ಟಿನದು, ನನಗೂ ಸಂಕಟವಾಯಿತು. ಅವಳ ಕತ್ತಿನ ನರ ಉಬ್ಬಿದ್ದು ಕಂಡಿತು. ಬಂತು, ಈಗ ಬಂತು ಎಂದು ನಾನು ಕಾದೆ. ಅವಳು ಒಮ್ಮೆ ಉಗುಳು ನುಂಗಿ, “ಛಲೋ ಆತ್ ಬಿಡ್ರಿ, ಹಳೇದಿತ್ತು,” ಎಂದು ಕಸಬರಿಗೆ ತರಲು ಹೋದಳು. ಬೀಗರನ್ನು ಬೈದ ಮನೆಯಲ್ಲಿ ಇಣುಕಿಗಳು ನಿಲ್ಲುವುದಿಲ್ಲ ಎಂಬ ನಂಬಿಕೆ ಅಷ್ಟು ಗಟ್ಟಿ.

ಅಡುಗೆಮನೆಯಲ್ಲಿ ನನಗೆ ಸಿಕ್ಕಿದ್ದು ಒಂದು ಮಣೆ, ಅದೂ ಬಾಗಿಲ ಬಳಿ. ಸಂಜೆ ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವಾಗ ನಾನು ಅಲ್ಲಿ ಕೂತು ಬಾಯಾಡಿಸುತ್ತಿದ್ದೆ. ಕೈಗೆ ಕೆಲಸವಿಲ್ಲದವಳು ಮತ್ತೇನು ಮಾಡಬೇಕು? ನನ್ನ ತವರಿನ ಸ್ಟೇಷನ್ ಮಾಸ್ತರನ ಮೂವರು ಅಕ್ಕಂದಿರ ಕಥೆ, ಅವರಲ್ಲಿ ಮೂರನೆಯವಳಿಗೆ ಮನಸೋತ ರೈಲಿನ ಗಾರ್ಡು, ಟೆಂಟಿನಲ್ಲಿ ನೋಡಿದ ಸಿನಿಮಾ, ನನ್ನ ಅಜ್ಜಿ ರೈಲು ಹತ್ತುವಾಗ ಒಂದು ಚಪ್ಪಲಿ ಪ್ಲಾಟ್‌ಫಾರ್ಮಿನಲ್ಲೇ ಉಳಿದದ್ದು, ಅದಕ್ಕಾಗಿ ಅಜ್ಜ ಸರಪಳಿ ಎಳೆದದ್ದು. ಮಾತಾಡುವಾಗ ನನ್ನ ತಲೆ ಸುಮ್ಮನಿರುವುದಿಲ್ಲ, ಕಿವಿಯ ಝುಮಕಿ ಕೂಡ ಕುಣಿಯುತ್ತದೆ. ಬಾಳವ್ವ ಬೆನ್ನು ತಿರುಗಿಸಿಕೊಂಡೇ ‘ಹ್ಞೂಂ’ ಎನ್ನುತ್ತಿದ್ದಳು. ಒಂದು ರೊಟ್ಟಿಗೆ ಒಂದು ಹ್ಞೂಂ. ಕೇಳುತ್ತಿದ್ದಾಳೋ ಇಲ್ಲವೋ ದೇವರೇ ಬಲ್ಲ ಎಂದುಕೊಂಡು ನಾನು ಮುಂದುವರಿಸುತ್ತಿದ್ದೆ. ಅವಳ ರೊಟ್ಟಿಯೋ, ಪೂರ್ಣಿಮೆಯ ಚಂದ್ರ. ಹಿಟ್ಟು ನಾದುವ ಅವಳ ಪರಾತದಲ್ಲಿ ಹಿಂದೊಮ್ಮೆ ಗೂಡಾಗಿತ್ತಂತೆ. ‘ನನಗ ಯಾರೂ ಬೇಕಾಗಿಲ್ಲ, ಪರಾತ ಒಂದಿದ್ರ ಸಾಕು’ ಎಂದು ಅವಳು ಓಣಿಗೆಲ್ಲ ಹೇಳುತ್ತಿದ್ದಳು.

ಸಹಿಸುವಷ್ಟು ಸಹಿಸಿ, ಆ ವರ್ಷದ ಆಷಾಢದಲ್ಲಿ ನಾನೊಂದು ಉಪಾಯ ಮಾಡಿದೆ. ಇಣುಕಿಗಳು ಹತ್ತಿ, ದಾರದ ತುಣುಕು, ಜೀರಿಗೆ ಸೇರಿಸಿ ಗೂಡು ನೇಯುತ್ತವೆ. ಅಷ್ಟು ನನ್ನಿಂದಲೂ ಆದೀತು ಎನಿಸಿತು. ಹಾಸಿಗೆಯಿಂದ ಹತ್ತಿ ಕಿತ್ತು, ಜೀರಿಗೆ ಬೆರೆಸಿ, ನನ್ನ ಊಟದ ಡಬ್ಬಿಯೊಳಗೆ ಗೂಡಿನಂಥ ಒಂದು ಗೂಡು ಮಾಡಿ, ಮುಚ್ಚಳ ಅರ್ಧ ತೆರೆದಿಟ್ಟೆ. ಎರಡು ದಿನ ಬಿಟ್ಟು ಡಂಗುರ ಸಾರಿದೆ. ಓಣಿಗೆ ಓಣಿಯೇ ಬಂದು ಪಡಸಾಲೆಯಲ್ಲಿ ನೆರೆಯಿತು. ತೋಟಪ್ಪಜ್ಜ ಪದ್ಧತಿಯಂತೆ ಮೊಣಕಾಲೂರಿ ಡಬ್ಬಿಗೆ ಕಿವಿ ಕೊಟ್ಟ.

“ಒಳಗ ಏನೋ ಹರದಾಡಿದಂಗ ಆಗ್ತೈತಿ,” ಎಂದ.

ನನಗೇ ಆಶ್ಚರ್ಯ. ಮುಚ್ಚಳ ತೆಗೆದರೆ, ನನ್ನ ಹತ್ತಿಯ ಮೆತ್ತೆಯಿಂದ ಎದ್ದು, ಮೀಸೆ ಅಲ್ಲಾಡಿಸುತ್ತ ಒಂದು ಜಿರಲೆ ಹೊರಗೆ ಬಂದು ಎಲ್ಲರನ್ನೂ ಒಮ್ಮೆ ನೋಡಿತು.

ಯಾರೂ ನಗಲಿಲ್ಲ. ನಗಬೇಕಿತ್ತು. ಬಿದ್ದು ಬಿದ್ದು ನಗಬೇಕಿತ್ತು. ಬೀಗರ ಜಿರಲೆಗೆ ನಗುವುದುಂಟೇ?

“ಎಷ್ಟ್ ಹೊಳೀತೈತ್ರೀ!” ಎಂದಳು ದುರ್ಗವ್ವ ಕಾಕು. “ನಮ್ಮ ಮನ್ಯಾಗಿನವು ಇಷ್ಟ್ ಛಂದ ಇಲ್ಲ ಬಿಡ್ರಿ.”

“ಮೀಸಿ ನೋಡ್ರಿ, ಪೈಲವಾನಂದು ಇದ್ದಂಗ ಐತಿ,” ಎಂದ ಹಣಮಂತ.

ಬಾಳವ್ವನ ತುಟಿ ಬಿಗಿದುಕೊಂಡಿತ್ತು, ಕತ್ತಿನ ನರ ಎದ್ದು ಕುಣಿಯುತ್ತಿತ್ತು. ಅವಳು ಬಹಳ ಕಷ್ಟಪಟ್ಟು, “ಎಲ್ಲಾರೂ ಚಾ ಕುಡದು ಹೋಗ್ರಿ,” ಎಂದಷ್ಟೇ ಹೇಳಿ ಒಳಗೆ ಹೋದಳು. ಆ ಗಳಿಗೆಯಲ್ಲಿ ಯಾರಾದರೂ ಒಬ್ಬರು ನನ್ನನ್ನು ಕಳ್ಳಿ ಎಂದಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ.

ಅವತ್ತು ಕೋಣೆಯಲ್ಲಿ ಗಂಡನಿಗೆ ಹೇಳಿಬಿಟ್ಟೆ. “ಪಂಚಮಿಗೆ ಕರ್ಯಾಕ ನಮ್ಮಣ್ಣ ಬರ್ತಾನ. ಹ್ವಾದ್ರ ನಾ ಹೊಳ್ಳಿ ಬರೂದಿಲ್ಲ. ಬೀಗರಾಗೇ ಇರೂದಾದ್ರ ನಮ್ಮವ್ವನ ಮನ್ಯಾಗ ಇರ್ತೀನಿ. ಅಲ್ಲಿ ನನಗ ಬೈಯಾವ್ರು ಅದಾರ.”

ಗುರುಶಾಂತ ಗಾಬರಿಯಾದ. “ಬೈಗಳಾ ಬೇಕಂದ್ರ ನಾ ಬೈತೀನಿ. ಬೈಲೇನ?”

“ಬೈರಿ ನೋಡೂನು.”

ಅವನು ಗಂಟಲು ಸರಿಮಾಡಿಕೊಂಡ. “ನೀ… ನೀ ಭಾಳ…” ಎಂದು ಮೇಲೆ ಜಂತಿ ನೋಡಿದ, ಕೆಳಗೆ ಚಾಪೆ ನೋಡಿದ. “ನೀ ಭಾಳ ಛಲೋ ಅದಿ,” ಎಂದು ಸೋತು ಕೂತ. ಒಳ್ಳೆಯವನೇ. ಆದರೆ ಮಾರನೆಯ ದಿನವೇ ಟ್ರಂಕು ಹೊರಗೆಳೆದು ಸೀರೆ ತುಂಬಲು ಶುರುಮಾಡಿದೆ. ಅದು ನೆಲಕ್ಕೆ ಉಜ್ಜಿದ ಸದ್ದು ಅಡುಗೆಮನೆಗೂ ಕೇಳಿರಬೇಕು, ಬಳೆಯ ಸದ್ದು ನಿಂತಿತು. ಬಾಳವ್ವ ಬಂದು ಬಾಗಿಲಲ್ಲಿ ನಿಂತು, ಟ್ರಂಕನ್ನೊಮ್ಮೆ ನೋಡಿ, ಏನೂ ಹೇಳದೆ ಹೋದಳು. ಹೇಳಬಾರದಿತ್ತೇ ಎಂದು ನನಗೆ ದುಃಖ ಉಕ್ಕಿ ಬಂತು.

ಹಬ್ಬಕ್ಕೆ ಇನ್ನೂ ವಾರವಿರುವಾಗ, ಒಂದು ಬೆಳಿಗ್ಗೆ ತಲೆಸ್ನಾನ ಮಾಡಿ, ಒದ್ದೆ ಕೂದಲನ್ನು ಸಡಿಲವಾಗಿ ತುರುಬು ಕಟ್ಟಿ, ಪಡಸಾಲೆಯ ಬಿಸಿಲಿಗೆ ಟ್ರಂಕಿನ ಮೇಲೆ ಕೂತಿದ್ದೆ. ತೂಕಡಿಕೆ ಬಂತು. ಕಣ್ಣು ಬಿಟ್ಟಾಗ ತಲೆಯ ಹಿಂದೆ ಗುಂಯ್ ಎಂಬ ಹಾಡು. ಮೊದಲು ಜೇನ್ನೊಣ ಎಂದುಕೊಂಡೆ. ಆಮೇಲೆ ಕತ್ತಿನ ಮೇಲೆ ಜೀರಿಗೆಯ ಒಂದು ಕಾಳು ಉದುರಿತು.

ಕೂಗುವಂತಿಲ್ಲ, ಏಳುವಂತಿಲ್ಲ. “ಯಾರರೆ ಬರ್ರೀ,” ಎಂದು ಪಿಸುಗುಟ್ಟುತ್ತ ಅದೆಷ್ಟು ಹೊತ್ತು ಕೂತಿದ್ದೆನೋ. ಕೊನೆಗೆ ಬಾಳವ್ವನ ಹತ್ತಿರ ಕಡ್ಡಿಪೆಟ್ಟಿಗೆ ಕೇಳಲು ಬಂದ ದುರ್ಗವ್ವ ಕಾಕು ನನ್ನ ಹಿಂದೆ ನಿಂತು, ಎದೆಯ ಮೇಲೆ ಕೈ ಇಟ್ಟುಕೊಂಡಳು.

ಮತ್ತೆ ಓಣಿ ನೆರೆಯಿತು. ತೋಟಪ್ಪಜ್ಜ ಈ ಸಲ ಜಿರಲೆಯ ನೆನಪಿನಿಂದ ದೂರದಿಂದಲೇ ಕಿವಿ ಕೊಟ್ಟ, ಆಮೇಲೆ ಹತ್ತಿರ ಬಂದ. ನನ್ನ ತುರುಬಿನ ಸಂದಿಯಿಂದ ಒಂದು ತಲೆ ಹೊರಬಂದು ಅವನನ್ನು ನೋಡಿ ಒಳಗೆ ಹೋಯಿತಂತೆ.

“ಹೌದ್ರಪಾ. ಅವೇ.”

ನನ್ನ ಕಣ್ಣಲ್ಲಿ ನೀರು ತುಂಬಿತು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಕಾಕು ಕಡ್ಡಿ ಆಡಿಸಿದಳು.

“ಅವೇ ಖರೆ. ಆದ್ರ ಗೂಡು ಯಾರದು? ಇವ್ರು ಒಂದಿನಾ ಜಡಿ ಹಾಕೋತಾರ, ಒಂದಿನಾ ತುರುಬ ಕಟ್ಟತಾರ. ತುರುಬ ಇಲ್ಲಂದ್ರ ಇವ್ರ ದಿನಾ ಏನ್ ನಿಂದ್ರೂದಿಲ್ಲಲ್ಲ. ಇಣುಕಿ ಸಾಮಾನಿನ್ಯಾಗ ಕಟ್ಟಿದ್ರ ಸಾಮಾನಿನ ಧಣಿ ಯಾರಂತ ನೋಡಬೇಕು. ಇಲ್ಲಿ ಮನಷ್ಯಾರ ಮ್ಯಾಲೇ ಕಟ್ಟ್ಯಾವು. ಅಂದ್ರ ಈ ಮನಷ್ಯಾರೇ ಬೇಕಾದವ್ರು ಯಾರೋ ಅದಾರ.”

ಎಲ್ಲರೂ ಹೌದಲ್ಲ ಎಂದು ತಲೆಯಾಡಿಸಿದರು. ನಾನು ಮಾತ್ರ ಆಡಿಸುವಂತಿರಲಿಲ್ಲ. ತೋಟಪ್ಪಜ್ಜ ಯೋಚನೆ ಮಾಡಿ ತೀರ್ಪು ಕೊಟ್ಟ.

“ಇವ್ರಿಲ್ಲದ ಯಾರ ದಿನಾ ಕೆಡತೈತಿ, ಗೂಡು ಅವರದು. ಅವರು ಎದ್ದು ನಂದು ಅನ್ಲಿ, ಇವ್ರು ಇವತ್ತಿನಿಂದ ಊರವರು. ಮರಿ ಹಾರಿ ಹೋಗೂದ್ರಾಗ ಯಾರೂ ಅನ್ಲಿಲ್ಲಂದ್ರ, ಬೀಗರು ಬೀಗರ. ಅಲ್ಲೀತನಾ ನೀವು ಮಾತಾಡಬ್ಯಾಡ್ರಿ ಸುಮಿತ್ರಾಬಾಯಾರ, ಮಾತಾಡಿದ್ರ ನಿಮ್ಮ ತಲಿ ಅಲಗತೈತಿ.”

ಗುರುಶಾಂತ ಎದೆಯುಬ್ಬಿಸಿ ಮುಂದೆ ಬಂದ. “ನಂದು! ಅಕಿ ನನ್ನ ಹೇಣ್ತಿ.”

“ಇವತ್ತ ಮುಂಜಾನಿಂದ ನಿಂದೇನ್ ಕೆಟ್ಟೈತಿ?” ತೋಟಪ್ಪಜ್ಜ ಕೇಳಿದ.

ನನ್ನ ಗಂಡ ಸುಳ್ಳು ಹೇಳಲಾರದವನು. “ಏನೂ ಇಲ್ಲ. ನಾಷ್ಟಾ ಮಾಡಿದೆ. ಇಸ್ಪೀಟ ಆಡಾಕ ಹೋಗಿದ್ದೆ. ಗೆದ್ದೆ.”

ಓಣಿ ನಕ್ಕಿತು. ನಾನು ಹಲ್ಲು ಕಚ್ಚಿಕೊಂಡು ನೆಟ್ಟಗೆ ಕೂತಿದ್ದೆ. ಮೆಲ್ಲಗೆ ಕಣ್ಣು ಮಾತ್ರ ತಿರುಗಿಸಿ ಬಾಳವ್ವನನ್ನು ಹುಡುಕಿದೆ. ಅವಳು ಗೋಡೆಗೆ ಆನಿಸಿ ಇಟ್ಟ ತನ್ನ ಪರಾತ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಅಷ್ಟಕ್ಕೂ ಅವಳಿಗೆ ಯಾರೂ ಬೇಕಾಗಿಲ್ಲವಲ್ಲ.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತು. ಮಾತೇ ಉಸಿರಾದವಳು ಕಟ್ಟೆಯ ಮೇಲೆ ಗಣಪತಿಯ ಹಾಗೆ ಕೂತಿದ್ದೆ. ಮಲಗುವಾಗಲೂ ಕೂತೇ ನಿದ್ದೆ, ಗುರುಶಾಂತ ಪಾಪ ಭುಜ ಕೊಡುತ್ತಿದ್ದ. ಮಕ್ಕಳು ಬಿಸಿ ಚಹಾದ ಲೋಟ ತಂದು ನನ್ನ ತಲೆಯ ಹಿಂದೆ ಹಿಡಿದು ಇಣುಕಿಗಳಿಗೆ ಹಬೆ ಉಣಿಸುತ್ತಿದ್ದರು. ಮರಿಗಳು ಹುಟ್ಟಿದ ದಿನ ಕಿವಿಯ ಹಿಂದೆ ಸಾಸಿವೆ ಸಿಡಿದಂತೆ ಚಟಪಟ ಸದ್ದಾಯಿತು, ಓಣಿಯ ತುಂಬ ಸಕ್ಕರೆ ಹಂಚಿದರು. ಎಲ್ಲರೂ ಬಂದು ನನ್ನ ಹಿಂಭಾಗ ನೋಡಿ ಹೋದರು. ಯಾರೂ ನಂದು ಅನ್ನಲಿಲ್ಲ.

ಅಡುಗೆಮನೆಯಿಂದ ಮಾತ್ರ ಏನೇನೋ ಕೇಳಿಬರುತ್ತಿತ್ತು. ಒಂದು ದಿನ ಗುರುಶಾಂತನ ತಟ್ಟೆಗೆ ನಡುವೆ ತೂತಾದ ರೊಟ್ಟಿ ಬಿತ್ತು. “ಈ ಸಲದ ಜ್ವಾಳ ಸುಮಾರದಾವ,” ಎಂದಳು ಬಾಳವ್ವ. ಮರುದಿನದ್ದು ಒಂದು ಕಡೆ ದಪ್ಪ, ಒಂದು ಕಡೆ ತೆಳು. “ಕಟಗಿ ಹಸೀವು.” ಅದರ ಮರುದಿನ ಹಂಚಿನ ಮೇಲೆ ತಪ್ಪು ಹೊರಿಸಿದಳು. ನನ್ನ ಗಂಡ ಏನು ಹಾಕಿದರೂ ತಿಂದು ಕೈ ತೊಳೆಯುವವನು. ನನ್ನ ತಲೆಯಲ್ಲಿ ತವರಿನ ಬಸ್ಸು ಓಡುತ್ತಿತ್ತು, ನಾನೂ ಗಮನ ಕೊಡಲಿಲ್ಲ.

ಪಂಚಮಿಯ ಹಿಂದಿನ ದಿನ ಬೆಳಿಗ್ಗೆ ನನ್ನಣ್ಣ ರುದ್ರೇಶ ಬಂದ. ಬೀಗರು ಬಂದರೆಂದು ಓಣಿಯವರು ಕುರ್ಚಿ ಒರೆಸಿ ಸಾಲುಗಟ್ಟಿ ನಿಂತರು. ಅವನು ನನ್ನ ಅವತಾರ ನೋಡಿ, ತುರುಬಿನ ಹಿಂದೆ ಹೋಗಿ ಬಗ್ಗಿ, ಗುಂಯ್ ಸದ್ದು ಕೇಳಿ ಸರಕ್ಕನೆ ಹಿಂದೆ ಸರಿದ.

“ಅಯ್ಯ, ಹೇನು! ಇಷ್ಟ್ ದೊಡ್ಡವು? ತಂಗೀನ ಹಿಂಗ ಇಟ್ಟೀರೇನ್ರಿ?”

ತೋಟಪ್ಪಜ್ಜನ ಮುಖ ಕೆಂಪಾಯಿತು. ಆದರೂ ಬೀಗರ ಮಾತಿಗೆ ನಗಬೇಕಲ್ಲ, ಓಣಿಯೆಲ್ಲ ಕಷ್ಟಪಟ್ಟು ನಕ್ಕಿತು. ಗುರುಶಾಂತ ಅಣ್ಣನನ್ನು ಕೂರಿಸಿ ಎಲ್ಲ ತಿಳಿಸಿ ಹೇಳಿದ. ಅಣ್ಣ ವ್ಯವಹಾರದ ಮನುಷ್ಯ, ಕೇಳಿದ್ದು ಒಂದೇ ಪ್ರಶ್ನೆ.

“ಅಂದ್ರ ಇಷ್ಟ್ ಮಂದ್ಯಾಗ ಇಕಿ ಬೇಕು ಅನ್ನಾವ್ರು ಒಬ್ರೂ ಇಲ್ಲ?”

ಗುರುಶಾಂತ ಕೈ ಎತ್ತಿದ, ಅವನದು ಲೆಕ್ಕಕ್ಕಿಲ್ಲ ಎಂದು ಅಜ್ಜ ಇಳಿಸಿದ.

“ಮತ್ತ್ಯಾಕ ಕುಂತಿ? ತುರುಬ ಬಿಚ್ಚು. ಅವು ಎಲ್ಲೆರೆ ಹೋಗ್ಲಿ. ಮಧ್ಯಾಹ್ನದ ಬಸ್ಸಿಗೆ ಹೋಗೂನು ನಡಿ.”

ಅಣ್ಣನ ಮಾತಿನಲ್ಲಿ ತಪ್ಪೇನಿತ್ತು? ನಾಲ್ಕು ವರ್ಷ ಕುರ್ಚಿಯ ಮೇಲೆ ಕೂತು ಸಾಕಾಗಿತ್ತು. ನನ್ನ ಕೈ ತಾನಾಗಿ ಮೇಲೆ ಹೋಯಿತು. ತುರುಬಿನ ಪಿನ್ನು ಬೆರಳಿಗೆ ಸಿಕ್ಕಿತು. ಒಳಗೆ ಮರಿಗಳ ಬಿಸಿ ಬೆರಳ ತುದಿಗೆ ತಾಗಿತು. ಓಣಿಯವರೆಲ್ಲ ನೋಡುತ್ತಿದ್ದರು, ಆದರೆ ಬೀಗರನ್ನು ತಡೆಯುವ ಅಧಿಕಾರ ಯಾರಿಗೂ ಇಲ್ಲ. ನಾನು ಕಣ್ಣು ಮುಚ್ಚಿದೆ.

ಆಗ ಸುಟ್ಟ ವಾಸನೆ ಬಂತು.

ಬಾಳವ್ವನ ಒಲೆಯಿಂದ ಸುಟ್ಟ ವಾಸನೆ ಬಂದದ್ದನ್ನು ಆ ಓಣಿ ಕಂಡಿರಲಿಲ್ಲ. ಎಲ್ಲರ ಮುಖ ಬಾಗಿಲ ಕಡೆ ತಿರುಗಿತು. ಹೊಗೆಯ ಹಿಂದೆ ಅವಳು ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕೈ ತನಕ ಹಿಟ್ಟು ಮೆತ್ತಿಕೊಂಡು, ಪರಾತ ಹಿಡಿದುಕೊಂಡು. ಬಂದವಳೇ ಅದನ್ನು ತೋಟಪ್ಪಜ್ಜನ ಮುಂದೆ ಕಲ್ಲಿನ ಮೇಲೆ ಧಡ್ ಎಂದು ಇಟ್ಟಳು. ಅದರ ತುಂಬ ರೊಟ್ಟಿ. ಒಂದು ಕರಿ, ಒಂದು ಹಸಿ, ಒಂದು ಹರಿದದ್ದು, ಒಂದಕ್ಕೆ ಬಾಲ. ಬೀಗರಿಗೆಂದು ಮಾಡಿದ ರೊಟ್ಟಿ.

“ನೋಡ್ರಿ. ಕಣ್ ತುಂಬ ನೋಡ್ರಿ. ಜ್ವಾಳ ಛಲೋ ಅದಾವ, ಕಟಗಿ ಒಣಗ್ಯಾವು, ಹಂಚು ನಮ್ಮತ್ತೀ ಕಾಲದ್ದು. ಸುಳ್ಳ ಹೇಳಿದೆ. ಇಕಿ ಬಾಯಿ ಮುಚ್ಚಿದ ದಿನದಿಂದ ನನಗ ಒಂದ್ ರೊಟ್ಟಿ ನೆಟ್ಟಗ ಆಗಿಲ್ಲ. ಕೈ ಹಿಟ್ಟಿನ್ಯಾಗ ಇಟ್ಟರ ಕಿವಿ ಬಾಗಲಾ ನೋಡತೈತಿ. ಗೂಡು ನಂದು. ತಿಳೀತಿಲ್ಲ? ನಂದು!”

ಅವಳ ದನಿ ಒಡೆಯಿತು. ತೋಟಪ್ಪಜ್ಜ ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು ನೋಡಿ, “ದಿನಾ ಕೆಟ್ಟೈತಿ,” ಎಂದು ಒಪ್ಪಿಕೊಂಡ.

ಬಾಳವ್ವ ನನ್ನ ಕಡೆ ತಿರುಗಿದಳು. ಕಟ್ಟೆಯೊಡೆದ ಕೆರೆ ನೋಡಿದ್ದೀರಾ?

“ಮತ್ತ ನೀನು! ಪಿನ್ನಿನ ಮ್ಯಾಲಿನ ಕೈ ತಗೀ! ಎಳೇ ಮರಿ ಅದಾವ ಅನ್ನೂ ಖಬರ ಇಲ್ಲ? ಅಜ್ಜ ತಲಿ ಅಲಗಿಸಬ್ಯಾಡ ಅಂದ್ರ ಬಾಯಿಗೆ ಬೀಗಾ ಹಾಕ್ಕೊಂಡು ಕುಂತಾಳ, ಶಾಣ್ಯಾಕಿ. ಗ್ವಾಡಿಗೆ ಹಣಿ ಆನಿಸಿ ಮಾತಾಡಾಕ ಏನಾಗಿತ್ತು? ಅಡಗಿಮನ್ಯಾಗ ಗ್ವಾಡಿ ಇಲ್ಲೇನ? ನಾಕ್ ವರ್ಷದಿಂದ ನೋಡಾಕತ್ತೀನಿ, ಸೀರಿ ಹಿಂಡಾಕ ಬರೂದಿಲ್ಲ, ನೀರ ಸೋರ್ಕೋತ ಒಣಗಹಾಕ್ತಿ. ಮಜ್ಜಿಗಿಗೆ ಉಪ್ಪು ಸುರೀತಿ. ಬೇಕಂತ ಕಪ್ಪು ಒಡದಿ, ನನಗೇನ್ ಕಾಣೂದಿಲ್ಲಂತ ತಿಳಿದಿದ್ದೇನ? ಎಂಥಾ ಛಂದ ಕಪ್ಪು! ಹಾಸಿಗಿ ಕಿತ್ತು ಜಿರಲಿಗೆ ಮೆತ್ತೆ ಹಾಸಿದಾಕಿ! ಆ ಮೂರನೇ ಅಕ್ಕನ ಕಥಿ ಅರ್ಧಕ್ಕ ಬಿಟ್ಟು ಟ್ರಂಕು ಕಟ್ಟತಾಳ. ಆ ಗಾರ್ಡು ಅಕಿನ್ನ ಮದುವಿ ಆದನೋ ಇಲ್ಲೋ ಅಂತ ನನಗ ನಿದ್ದಿ ಇಲ್ಲ!”

ನಾನು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದೆ. ಒಂದು ಪದವನ್ನೂ ಬಿಡಲಿಲ್ಲ. ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ, ಮುಗಿಯಿತೋ ಏನೋ ಎಂದು ಹೆದರಿಕೆಯಾಯಿತು.

“ಇದೆಂಥಾ ಬೈಗಳ್ರೀ, ನಮ್ಮ ತಂಗಿಗೆ…” ಎಂದು ಅಣ್ಣ ಎದ್ದ.

“ನೀವು ಕುಂದರ್ರಿ ರುದ್ರೇಶಪ್ಪಾರ, ದಣಿದೀರಿ,” ಎಂದಳು ಬಾಳವ್ವ ಬೆಣ್ಣೆಯ ದನಿಯಲ್ಲಿ. ಮತ್ತೆ ನನ್ನ ಕಡೆ ಗುಡುಗಿದಳು. “ಏಳ. ಮೆಲ್ಲಕ ಏಳ. ಆ ಶೇಂಗಾ ಬಿಡಸಬೇಕು, ಯಾರ ಬಂದು ಬಿಡಸ್ತಾರ?”

ಬಸ್ಸು ಅಣ್ಣನೊಬ್ಬನನ್ನೇ ಕರೆದುಕೊಂಡು ಹೋಗಲಿ ಎಂದು ಕೈಸನ್ನೆ ಮಾಡಿ, ಗುರುಶಾಂತನ ಭುಜ ಹಿಡಿದು, ತಲೆಯ ಮೇಲೆ ತುಂಬಿದ ಕೊಡ ಹೊತ್ತವಳಂತೆ ಹೆಜ್ಜೆ ಇಡುತ್ತ ಒಳಗೆ ಹೋದೆ. ಬಾಗಿಲ ಬಳಿಯ ಮಣೆಯನ್ನು ಬಾಳವ್ವ ಕಾಲಿನಿಂದ ಒಲೆಯ ಹತ್ತಿರಕ್ಕೆ ತಳ್ಳಿದಳು. ಗೋಡೆಗೆ ಹಣೆಯ ಪಕ್ಕವನ್ನು ಆನಿಸಿ ಕೂತೆ. ಮಡಿಲಿಗೆ ಶೇಂಗಾದ ಬುಟ್ಟಿ ಬಂದು ಬಿತ್ತು. ಅವಳು ಹೊಸ ಹಿಟ್ಟು ನಾದಿ, ಮುದ್ದೆ ಮಾಡಿ, ಕೈ ಎತ್ತಿ ನಿಲ್ಲಿಸಿದಳು.

“ಹ್ಞೂಂ. ಹೇಳ. ಗಾರ್ಡು ಏನಂದ?”

ಎಷ್ಟೊಂದು ಮಾತು ಕೂಡಿಹಾಕಿಕೊಂಡು ಕೂತವಳು ನಾನು. ಬಾಯಿ ತೆರೆದರೆ ಒಂದಕ್ಷರ ಹೊರಡಲಿಲ್ಲ. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು, ಮುಖ ಮುಚ್ಚಿಕೊಳ್ಳಲು ತಲೆ ತಾನಾಗಿ ಕೆಳಗೆ ಬಗ್ಗತೊಡಗಿತು.

ಹಿಟ್ಟಿನ ಕೈಯೊಂದು ಬಂದು ನನ್ನ ಗದ್ದವನ್ನು ಗಟ್ಟಿಯಾಗಿ ಹಿಡಿದು ಮೇಲಕ್ಕೆತ್ತಿತು.

“ಅಳೂದಾದ್ರ ಮಾರಿ ಮ್ಯಾಲ ಮಾಡಿ ಅಳ, ಹುಚ್ಚಿ,” ಎಂದಳು ಬಾಳವ್ವ. ಅವಳ ಕಣ್ಣೂ ತುಂಬಿತ್ತು. “ಬಗ್ಗಿದಿ ಅಂದ್ರ ನನ್ನ ಗೂಡು ಬೀಳತೈತಿ.”